ಫೋಟೋದಿಂದ ಪೇಂಟಿಂಗ್: ಬೈತಖೋಲ್ ಬೋಟುಗಳಿಂದ ಶಿರಸಿಯ ಕಾವಿ ಗೋಡೆವರೆಗೆ

ಮೊಬೈಲಿನಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಫೋಟೋ ಪೇಂಟಿಂಗ್ ಆಗಿಬಿಡುತ್ತದೆ. ವಾಟ್ಸಾಪ್ ಸ್ಟೇಟಸ್‌ಗೆ ಅದು ನಡೆಯುತ್ತದೆ. ಅದನ್ನೇ ಹದಿನೈದು ಇಂಚಿಗೆ ಪ್ರಿಂಟ್ ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಿ ನೋಡಿ. ಬಂದವರು ಮೊದಲು ಕೇಳುವುದೇ "ಫಿಲ್ಟರ್ ಹಾಕಿದ್ದಾ?" ಅಂತ.

ಅವರಿಗೆ ಅದು ಹೇಗೆ ಗೊತ್ತಾಗುತ್ತದೆ? ಆ್ಯಪ್ ಇಡೀ ಚಿತ್ರದ ಮೇಲೆ ಒಂದೇ ಅಳತೆಯ ಬ್ರಷ್ ಓಡಿಸಿರುತ್ತದೆ. ಆಕಾಶಕ್ಕೂ ಅದೇ ಬ್ರಷ್, ಮೀನು ಬುಟ್ಟಿ ಹೊತ್ತವರ ಕಣ್ಣಿಗೂ ಅದೇ ಬ್ರಷ್. ಕೈಯಲ್ಲಿ ಚಿತ್ರ ಬರೆಯುವವರು ಯಾರೂ ಹಾಗೆ ಮಾಡುವುದಿಲ್ಲ. ದಪ್ಪ ಬ್ರಷ್‌ನಲ್ಲಿ ಆಕಾಶ, ಸಮುದ್ರ ಬಳಿದು ಮುಗಿಸುತ್ತಾರೆ. ಸಣ್ಣ ಬ್ರಷ್ ಹೊರಗೆ ಬರುವುದು ಕೊನೆಗೆ, ಅದೂ ನಾಲ್ಕೈದು ಜಾಗಕ್ಕೆ ಮಾತ್ರ. ಕಂಪ್ಯೂಟರಿನಲ್ಲೂ ಅದನ್ನೇ ಮಾಡಬೇಕು. ಆರನ್ ಹರ್ಟ್ಸ್‌ಮನ್ ಎಂಬ ಸಂಶೋಧಕರು 1998ರಲ್ಲಿ ಕಂಪ್ಯೂಟರಿನಿಂದ ಪೇಂಟಿಂಗ್ ಮಾಡಿಸಿದ್ದೂ ಹೀಗೆಯೇ: ಮೊದಲು ದೊಡ್ಡ ಬ್ರಷ್, ಆಮೇಲೆ ವಿವರ ಬೇಕಾದ ಕಡೆ ಮಾತ್ರ ಚಿಕ್ಕದು. ಇಲ್ಲಿ ನಾನು ಹೇಳುವ ವಿಧಾನದ ತಿರುಳೂ ಇದೇ.

ಯಾವ ಫೋಟೋ ಆಗಬಹುದು

ಕಣ್ಣನ್ನು ಅರ್ಧ ಮುಚ್ಚಿ ಫೋಟೋ ನೋಡಿ. ಮೂರು ನಾಲ್ಕು ದೊಡ್ಡ ಆಕಾರಗಳು ಬೇರೆ ಬೇರೆಯಾಗಿ ಕಂಡರೆ ಅದು ಒಳ್ಳೆಯ ಫೋಟೋ. ಎಲ್ಲಾ ಕಲಸಿಕೊಂಡು ಕಂಡರೆ ಬಿಟ್ಟುಬಿಡಿ.

ಕಾರವಾರದ ಬೈತಖೋಲ್ ಬಂದರಿನಲ್ಲಿ ಸಂಜೆ ಐದರ ನಂತರ ಸಾಲಾಗಿ ನಿಂತ ಬೋಟುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಬಣ್ಣ ಬಳಿದ ಮೈ, ನೀರಿನಲ್ಲಿ ಅದರ ನೆರಳು, ಹಿಂದೆ ಗುಡ್ಡದ ಕಪ್ಪು. ಯಾಣದ ಬಂಡೆಗಳೂ ಒಪ್ಪುತ್ತವೆ. ಆ ಕರಿಕಲ್ಲು ಒರಟಾಗಿದೆ, ಹಿಂದೆ ತಿಳಿ ಆಕಾಶ ಸಿಕ್ಕರೆ ಬೇರೇನೂ ಬೇಡ. ಯಕ್ಷಗಾನದ ವೇಷ ಕೂಡ ಚೆನ್ನ, ಆದರೆ ಕಿರೀಟದ ಹೊಳಪಿಗೆ ಸ್ವಲ್ಪ ಜಾಸ್ತಿ ಕೈಕೆಲಸ ಬೇಕು.

ಶಿರಸಿ ಕಡೆಯವರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ: ಅಡಿಕೆ ತೋಟದ ಒಳಗೆ ನಿಂತು ತೆಗೆದ ಫೋಟೋ ಇದಕ್ಕೆ ಬಹಳ ಕಷ್ಟ. ಸಾವಿರಾರು ಎಲೆಗಳ ಮಧ್ಯೆ ಚೂರು ಚೂರು ಬೆಳಕು. ಫಿಲ್ಟರ್ ಹಾಕಿದ ಕೂಡಲೇ ಅದು ಹಸಿರು ತಂಬುಳಿ ಆಗುತ್ತದೆ. ತೋಟವೇ ಬೇಕೆಂದರೆ ಅಂಚಿನಲ್ಲಿ ನಿಂತು, ಬಿಸಿಲು ಬಿದ್ದ ನಾಲ್ಕು ಮರದ ಕಾಂಡ ಎದ್ದು ಕಾಣುವ ಹಾಗೆ ತೆಗೆಯಿರಿ.

ಫೋಟೋ ಚಿಕ್ಕದು, ಮಸುಕು ಅಂತ ಬಿಸಾಡಬೇಡಿ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತಲ್ಲ, ಅದರ ಫೋಟೋ ಇನ್ನು ಹೊಸದಾಗಿ ಸಿಗುವುದಿಲ್ಲ. ವಾಟ್ಸಾಪಿನಲ್ಲಿ ಬಂದು ಕುಗ್ಗಿದ ಪ್ರತಿ ಇದ್ದರೆ ಅದನ್ನು ಫೋಟೋವಾಗಿ ದೊಡ್ಡದು ಮಾಡಿದರೆ ಚೆನ್ನಾಗಿ ಕಾಣದು. ಪೇಂಟಿಂಗ್ ಮಾಡಿದರೆ ನಡೆಯುತ್ತದೆ, ಯಾಕೆಂದರೆ ಸಣ್ಣ ವಿವರಗಳನ್ನು ಹೇಗೂ ನಾವೇ ಅಳಿಸುತ್ತೇವೆ.

ಹೊಸದಾಗಿ ತೆಗೆಯುವುದಾದರೆ ಎರಡು ಮಾತು. ಬಲೆ ಎಳೆಯುವವರ, ಮೀನು ಮಾರುವವರ ಮುಖ ತೆಗೆಯುವ ಮುಂಚೆ "ಅಕ್ಕಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿ. ಅರ್ಗಾ ಕಡೆ ನೌಕಾನೆಲೆಯತ್ತ ಮಾತ್ರ ಕ್ಯಾಮೆರಾ ತಿರುಗಿಸಲೇಬೇಡಿ.

ಸಾಫ್ಟ್‌ವೇರ್

ನಾನು ಹೇಳುವುದು ಜಿಂಪ್ (GIMP) ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ. ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇದ್ದರೆ ಒಂದು ದೊಡ್ಡ ಅನುಕೂಲವಿದೆ. ಹಾಕಿದ ಫಿಲ್ಟರ್ ಲೇಯರಿಗೆ (ಒಂದರ ಮೇಲೊಂದು ಇಡುವ ಚಿತ್ರದ ಪದರಕ್ಕೆ) ಅಂಟಿಕೊಂಡೇ ಇರುತ್ತದೆ, ಆಮೇಲೆ ಬೇಕಾದಾಗ ತೆರೆದು ಅಳತೆ ಬದಲಿಸಬಹುದು. ಲೇಯರಿನ ಪಕ್ಕ 'ಎಫ್‌ಎಕ್ಸ್' ಅಂತ ಪುಟ್ಟ ಗುರುತು ಕಾಣುತ್ತದೆ, ಅಲ್ಲಿ ಒತ್ತಿದರೆ ಆಯ್ತು. ಹಳೇ 2.10 ಆದರೂ ಕೆಲಸ ಆಗುತ್ತದೆ, ಅಳತೆ ತಪ್ಪಿದರೆ ಅನ್‌ಡೂ ಮಾಡಿ ಮತ್ತೆ ಹಾಕಬೇಕು ಅಷ್ಟೆ.

ಮೊದಲು ಅಳತೆ, ಆಮೇಲೆ ಬಣ್ಣ

ಬಹಳ ಜನ ಎಡವುವುದು ಇಲ್ಲೇ. ಫಿಲ್ಟರಿನ ಬ್ರಷ್ ಅಳತೆ ಪಿಕ್ಸೆಲ್, ಅಂದರೆ ಚಿತ್ರದ ಅತಿ ಸಣ್ಣ ಚುಕ್ಕೆಗಳ ಲೆಕ್ಕದಲ್ಲಿದೆ. 1000 ಪಿಕ್ಸೆಲ್ ಅಗಲದ ಚಿತ್ರದಲ್ಲಿ 8 ಅಂದರೆ ದಪ್ಪ ಬ್ರಷ್. ಅದೇ 8 ಅನ್ನು ಮೊಬೈಲಿನ 4000 ಪಿಕ್ಸೆಲ್ ಫೋಟೋಗೆ ಹಾಕಿದರೆ ಏನೂ ಆದಂತೆಯೇ ಕಾಣುವುದಿಲ್ಲ. ಯೂಟ್ಯೂಬಿನಲ್ಲಿ ಹೇಳಿದ ಅಂಕಿಯನ್ನೇ ಹಾಕಿದರೂ ನಿಮಗೆ ಹಾಗೆ ಬರಲಿಲ್ಲ ಅಂದರೆ ಕಾರಣ ಇದೇ ಇರಬೇಕು.

ಹಾಗಾಗಿ ಮೊದಲೇ ಬೇಕಾದಷ್ಟು ಕ್ರಾಪ್ ಮಾಡಿ. ನಂತರ ಇಮೇಜ್ ಮೆನುವಿನಲ್ಲಿ ಸ್ಕೇಲ್ ಇಮೇಜ್‌ಗೆ ಹೋಗಿ ಉದ್ದದ ಬದಿಯನ್ನು 3000 ಪಿಕ್ಸೆಲ್ ಮಾಡಿ. ಚಿಕ್ಕ ಫೋಟೋ ಇದ್ದರೆ ಹಿಗ್ಗಿಸಿ, ದೊಡ್ಡದಿದ್ದರೆ ಕುಗ್ಗಿಸಿ. ಕ್ಯಾನ್ವಾಸ್ ಪ್ರಿಂಟ್‌ಗೆ ಇಂಚಿಗೆ 200 ಪಿಕ್ಸೆಲ್ ಸಾಕು, ಅಂದರೆ 3000 ಪಿಕ್ಸೆಲ್‌ಗೆ 15 ಇಂಚು. ಮುಂದೆ ನಾನು ಕೊಡುವ ಅಂಕಿಗಳೆಲ್ಲ ಈ 3000ಕ್ಕೆ.

ಈಗಲೇ ಫೈಲ್ ಮೆನುವಿನಲ್ಲಿ ಸೇವ್ ಆ್ಯಸ್ ಕೊಟ್ಟು ಜಿಂಪ್‌ನ ಸ್ವಂತ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ. ಜೆಪೆಗ್‌ನಲ್ಲಿ ಲೇಯರ್ ಉಳಿಯುವುದಿಲ್ಲ.

ಬೇಡದ್ದನ್ನು ತೆಗೆಯಿರಿ

ಆಕಾಶದಲ್ಲಿ ಅಡ್ಡ ಹೋದ ಕರೆಂಟ್ ತಂತಿ, ಮರಳಿನ ಮೇಲಿನ ಪ್ಲಾಸ್ಟಿಕ್ ಬಾಟಲಿ, ಮೂಲೆಯಲ್ಲಿ ಅರ್ಧ ಕಾಣುವ ಸ್ಕೂಟರ್, ಕ್ಯಾಮೆರಾ ಅಚ್ಚೊತ್ತಿದ ತಾರೀಖು ಎಲ್ಲಾ ಹೋಗಲಿ. ಹೀಲಿಂಗ್ ಟೂಲ್ ಹಿಡಿದು, ಪಕ್ಕದ ಚೊಕ್ಕ ಜಾಗದ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ, ಆಮೇಲೆ ಬೇಡದ್ದರ ಮೇಲೆ ಉಜ್ಜಿ. ಬಲವಾದ ಅಂಚಿನ ಹತ್ತಿರ ಹೀಲಿಂಗ್ ಬಣ್ಣ ಕಲಸಿಬಿಡುತ್ತದೆ, ಅಲ್ಲಿ ಕ್ಲೋನ್ ಟೂಲ್ ವಾಸಿ. ತೀರಾ ನಾಜೂಕು ಬೇಡ. ಮೇಲೆ ಬಣ್ಣ ಬೀಳುತ್ತದೆ, ಸಣ್ಣಪುಟ್ಟ ಕಲೆ ಮುಚ್ಚಿಹೋಗುತ್ತದೆ. ತಂತಿ ಮಾತ್ರ ಬಿಡಬೇಡಿ. ಫಿಲ್ಟರ್ ಅದನ್ನು ತುಂಡು ತುಂಡಾದ ಸೊಟ್ಟ ಗೆರೆ ಮಾಡುತ್ತದೆ, ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ನೆರಳಿಗೆ ಬಣ್ಣ ಕೊಡುವುದು

ಫೋಟೋದ ನೆರಳು ಕಪ್ಪಾಗಿರುತ್ತದೆ. ಬಣ್ಣದವರು ನೆರಳಿಗೆ ಕಪ್ಪು ಬಳಿಯುವುದು ಕಡಿಮೆ, ನೀಲಿಯೋ ನೇರಳೆಯೋ ಬೆರೆಸುತ್ತಾರೆ. ಚಿರೇಕಲ್ಲಿನ ಗೋಡೆಯನ್ನು ಸಂಜೆ ಗಮನಿಸಿ ನೋಡಿ: ಬಿಸಿಲು ಬಿದ್ದ ಕಡೆ ಕಿತ್ತಳೆಗೆಂಪು, ನೆರಳಿನ ಕಡೆ ಹೆಚ್ಚುಕಡಿಮೆ ನೇರಳೆ.

ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆಯಿರಿ. ಕೆಳಗಿನ ಔಟ್‌ಪುಟ್ ಪಟ್ಟಿಯಲ್ಲಿ ಎಡಗಡೆಯ ತುದಿಯನ್ನು 0ಯಿಂದ 20ರ ಹತ್ತಿರ ತನ್ನಿ. ಕಡುಗಪ್ಪು ಸ್ವಲ್ಪ ತಿಳಿಯಾಗುತ್ತದೆ. ನಂತರ ಕಲರ್ ಬ್ಯಾಲೆನ್ಸ್ ತೆರೆದು ಶ್ಯಾಡೋಸ್ ಆಯ್ದುಕೊಂಡು ನೀಲಿ ಕಡೆಗೆ 10–15 ಎಳೆಯಿರಿ, ಹೈಲೈಟ್ಸ್‌ನಲ್ಲಿ ಹಳದಿ ಕಡೆಗೆ ಅಷ್ಟೇ. ಕೊನೆಗೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಅನ್ನು 1.2ಕ್ಕೆ ಏರಿಸಿ. ಅದಕ್ಕಿಂತ ಮೇಲೆ ಹೋದರೆ ಚಿತ್ರ ಹೋಗಿ ಕ್ಯಾಲೆಂಡರ್ ಆಗುತ್ತದೆ.

ಮೂರು ಪದರ

ಈಗ ನಿಜವಾದ ಕೆಲಸ. ತಯಾರಾದ ಲೇಯರನ್ನು ಕಂಟ್ರೋಲ್, ಶಿಫ್ಟ್, ಡಿ ಒಟ್ಟಿಗೆ ಒತ್ತಿ ಮೂರು ಸಲ ನಕಲು ಮಾಡಿ. ಮೂಲವನ್ನು ಮುಟ್ಟದೆ ಕೆಳಗಿಡಿ. ನಕಲುಗಳಿಗೆ ಕೆಳಗಿನಿಂದ 'ದಪ್ಪ', 'ಮಧ್ಯಮ', 'ಸಣ್ಣ' ಅಂತ ಹೆಸರಿಡಿ. ಲೇಯರಿನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬದಲಿಸಬಹುದು, ಕನ್ನಡದಲ್ಲೇ ಬರೆಯಬಹುದು.

'ದಪ್ಪ' ಲೇಯರ್ ಆಯ್ದುಕೊಂಡು, ಮೇಲಿನ ಎರಡರ ಪಕ್ಕದ ಕಣ್ಣಿನ ಗುರುತು ಒತ್ತಿ ಅವನ್ನು ಮರೆಮಾಡಿ. ಫಿಲ್ಟರ್ಸ್, ಆರ್ಟಿಸ್ಟಿಕ್, ಆಯಿಲಿಫೈ. ಮಾಸ್ಕ್ ರೇಡಿಯಸ್ 20. 'ಮಧ್ಯಮ'ಕ್ಕೆ 10. 'ಸಣ್ಣ'ಕ್ಕೆ 4.

ಆಯಿಲಿಫೈ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಅಂಕಿ ಆರಿಸುವುದು ಸುಲಭ. ಅದು ಪ್ರತಿ ಪಿಕ್ಸೆಲ್ ಸುತ್ತ ನೀವು ಕೊಟ್ಟ ರೇಡಿಯಸ್‌ನ ವೃತ್ತ ಹಾಕಿ, ಆ ವೃತ್ತದಲ್ಲಿ ಯಾವ ಛಾಯೆ ಅತಿ ಹೆಚ್ಚು ಸಲ ಬಂದಿದೆ ಅಂತ ನೋಡುತ್ತದೆ. ಬಹುಮತ ಇದ್ದ ಛಾಯೆಯೇ ಅಲ್ಲಿ ಕೂರುತ್ತದೆ. ಬ್ಲರ್ ಮಾಡಿದರೆ ಎಲ್ಲಾ ಬಣ್ಣದ ಸರಾಸರಿ ಬಂದು ಅಂಚು ಮಸುಕಾಗುತ್ತದೆ. ಇಲ್ಲಿ ಬಹುಮತದ ಲೆಕ್ಕವಾದ್ದರಿಂದ ಅಂಚು ಉಳಿದು, ಒಳಗಿನ ಸಣ್ಣ ವಿವರ ಮಾತ್ರ ಅಳಿಯುತ್ತದೆ. ಅದಕ್ಕೇ ಬಣ್ಣ ಬಳಿದಂತೆ ಕಾಣುವುದು. 'ನಂಬರ್ ಆಫ್ ಇಂಟೆನ್ಸಿಟೀಸ್' ಕಡಿಮೆ ಮಾಡಿದರೆ ಬಣ್ಣದ ಚಪ್ಪಟೆ ಜಾಗಗಳು ಹೆಚ್ಚುತ್ತವೆ. 'ಎಕ್ಸ್‌ಪೋನೆಂಟ್' ಹೆಚ್ಚಿಸಿದರೆ ಅಂಚುಗಳು ಇನ್ನೂ ಗಡುಸಾಗುತ್ತವೆ. ಮೊದಲ ಸಲ ಎರಡನ್ನೂ ಇದ್ದ ಹಾಗೇ ಬಿಡಿ.

ರೇಡಿಯಸ್ 20 ಹಾಕಿದಾಗ ಹಳೇ ಲ್ಯಾಪ್‌ಟಾಪ್ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಕೆಟ್ಟುಹೋಯಿತು ಅಂದುಕೊಳ್ಳಬೇಡಿ, ಎದ್ದು ಹೋಗಿ ಚಾ ಕುಡಿದು ಬನ್ನಿ. ಅಳತೆ ಸರಿ ಅನ್ನಿಸಿದ ಮೇಲೆ 3.0 ಬಳಸುವವರು ಎಫ್‌ಎಕ್ಸ್ ಗುರುತಿನಲ್ಲಿ ಫಿಲ್ಟರನ್ನು ಲೇಯರಿಗೇ ಮರ್ಜ್ ಮಾಡಿಬಿಟ್ಟರೆ ಮುಂದಿನ ಕೆಲಸ ಚುರುಕಾಗುತ್ತದೆ.

ಮುಂದೆ ಮಾಸ್ಕ್, ಅಂದರೆ ಲೇಯರಿನ ಬೇಕಾದ ಭಾಗ ಮಾತ್ರ ತೋರಿಸುವ ಮರೆ. ಮೊದಲು ಮರೆಮಾಡಿದ ಲೇಯರುಗಳ ಕಣ್ಣಿನ ಗುರುತನ್ನು ಮತ್ತೆ ಒತ್ತಿ ತೆರೆಯಿರಿ. 'ಮಧ್ಯಮ' ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಆ್ಯಡ್ ಲೇಯರ್ ಮಾಸ್ಕ್ ಕೊಟ್ಟು, ಬ್ಲ್ಯಾಕ್ ಆಯ್ದುಕೊಳ್ಳಿ. ಲೇಯರ್ ಪೂರ್ತಿ ಮಾಯವಾಗುತ್ತದೆ. 'ಸಣ್ಣ'ಕ್ಕೂ ಹಾಗೇ. ಈಗ ಕಾಣುತ್ತಿರುವುದು ದಪ್ಪ ಬ್ರಷ್‌ನ ಚಿತ್ರ ಮಾತ್ರ. ಮಾಸ್ಕ್ ಮೇಲೆ ಬಿಳಿ ಬಣ್ಣ ಬಳಿದಲ್ಲಿ ಆ ಲೇಯರ್ ತೆರೆದುಕೊಳ್ಳುತ್ತದೆ, ಕಪ್ಪು ಬಳಿದರೆ ಮತ್ತೆ ಮುಚ್ಚುತ್ತದೆ.

ಪೇಂಟ್‌ಬ್ರಷ್ ತೆಗೆದುಕೊಳ್ಳಿ, ಆದರೆ ದುಂಡಗಿನ ನುಣುಪು ಬ್ರಷ್ ಬೇಡ. ಜಿಂಪ್ ಜೊತೆಗೇ ಅಕ್ರಿಲಿಕ್, ಬ್ರಿಸಲ್ಸ್, ಚಾಕ್ ಅನ್ನುವ ಬ್ರಷ್‌ಗಳು ಬರುತ್ತವೆ. ಅವುಗಳ ಅಂಚು ಹರಿದಂತಿರುತ್ತದೆ, ಎರಡು ಪದರ ಕೂಡುವ ಜಾಗ ಗೊತ್ತಾಗುವುದಿಲ್ಲ. ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಅದರ ಸುತ್ತ ಬಿಳಿ ಚೌಕಟ್ಟು ಬಂತಾ ನೋಡಿ. ಬರದಿದ್ದರೆ ನೀವು ಚಿತ್ರದ ಮೇಲೇ ಸುಣ್ಣ ಬಳಿಯುತ್ತೀರಿ.

ಬೈತಖೋಲ್ ಬೋಟಿನ ಚಿತ್ರವನ್ನೇ ತೆಗೆದುಕೊಳ್ಳೋಣ. ಆಕಾಶ, ಹಿಂದಿನ ಗುಡ್ಡ, ದೂರದ ನೀರು, ಇವೆಲ್ಲ 'ದಪ್ಪ'ದಲ್ಲೇ ಇರಲಿ, ಮುಟ್ಟಬೇಡಿ. 'ಮಧ್ಯಮ'ದ ಮಾಸ್ಕ್ ಮೇಲೆ ಎದುರಿನ ಎರಡು ಬೋಟಿನ ಮೈ, ಹತ್ತಿರದ ನೀರಿನ ನೆರಳು, ಧಕ್ಕೆಯ ಅಂಚು ತೆರೆಯಿರಿ. ಎಲ್ಲಾ ಬೋಟನ್ನೂ ತೆರೆಯಬೇಕಾಗಿಲ್ಲ, ಹಿಂದಿನವು ಬಣ್ಣದ ತುಂಡುಗಳಾಗಿಯೇ ಚಂದ. 'ಸಣ್ಣ'ದಲ್ಲಿ ತೆರೆಯುವುದು ಬಹಳ ಕಡಿಮೆ: ಬೋಟಿನ ಮೂತಿಗೆ ಕಟ್ಟಿದ ಹೂವಿನ ಹಾರ, ಬಲೆ ಸರಿ ಮಾಡುತ್ತಿರುವವರ ಕೈ ಮತ್ತು ಮುಖ, ಬಿಸಿಲು ತಾಗಿದ ಒಂದು ಹಗ್ಗ. ಇಡೀ ಚಿತ್ರದ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ತೆರೆದಿದ್ದರೆ ಕಪ್ಪು ಬಣ್ಣ ತೆಗೆದುಕೊಂಡು ಸ್ವಲ್ಪ ಮುಚ್ಚಿ. ಬೋಟಿನ ನೋಂದಣಿ ಸಂಖ್ಯೆ ಓದುವಂತಿರಬೇಕಾ ಬೇಡವಾ? ನನ್ನ ಕೇಳಿದರೆ ಬೇಡ. ಓದಬಹುದಾದ ಅಕ್ಷರ ಕಂಡ ಕೂಡಲೇ ಚಿತ್ರ ಮತ್ತೆ ಫೋಟೋ ಆಗುತ್ತದೆ.

ಕೈಯಿಂದ ತೀಡುವುದು

ಇಷ್ಟಕ್ಕೇ ನಿಲ್ಲಿಸಿದರೂ ಮೊಬೈಲ್ ಆ್ಯಪಿಗಿಂತ ಎಷ್ಟೋ ಮೇಲು. ಒಂದು ಕೊರತೆ ಮಾತ್ರ ಉಳಿಯುತ್ತದೆ: ಆಯಿಲಿಫೈ ಹಾಕುವ ಗುರುತಿಗೆ ದಿಕ್ಕಿಲ್ಲ. ಕೈಯ ಬ್ರಷ್ ಎತ್ತಲೋ ಎಳೆದಂತೆ ಕಾಣಬೇಕು.

ಲೇಯರ್ ಮೆನುವಿನಲ್ಲಿ ನ್ಯೂ ಫ್ರಮ್ ವಿಸಿಬಲ್ ಕೊಡಿ. ಕಾಣುವುದೆಲ್ಲ ಸೇರಿ ಒಂದು ಹೊಸ ಲೇಯರ್ ಬರುತ್ತದೆ. ಅದನ್ನು ಎಲ್ಲಕ್ಕಿಂತ ಮೇಲೆ ತನ್ನಿ. ಸ್ಮಜ್ ಟೂಲ್ ಹಿಡಿದು, ಬ್ರಷ್ ಅಕ್ರಿಲಿಕ್, ರೇಟ್ 50 ಇಟ್ಟು, ವಸ್ತು ಹೇಗಿದೆಯೋ ಹಾಗೆ ಎಳೆಯಿರಿ. ನೀರಿನ ಮೇಲೆ ಅಡ್ಡಕ್ಕೆ, ಗಿಡ್ಡ ಗಿಡ್ಡ. ತೆರೆಯ ನೊರೆ ಇದ್ದರೆ ಅದು ಮಗುಚುವ ಕಡೆಗೆ. ಅಡಿಕೆ, ತೆಂಗಿನ ಕಾಂಡಕ್ಕೆ ಕೆಳಗಿನಿಂದ ಮೇಲೆ. ತೆಂಗಿನ ಗರಿಗೆ ನಡುವಿನ ದಿಂಡಿನಿಂದ ಹೊರಕ್ಕೆ ಎಳೆದು ಬಿಟ್ಟುಬಿಡಿ, ಗರಿಯ ತುದಿ ತಾನಾಗಿ ಚೂಪಾಗುತ್ತದೆ. ಹಂಚಿನ ಮಾಡಿಗೆ ಮಳೆನೀರು ಇಳಿಯುವ ದಿಕ್ಕಿನಲ್ಲಿ. ಆಕಾಶಕ್ಕೆ ದೊಡ್ಡ ಬ್ರಷ್, ಓರೆಯಾಗಿ, ಅಲ್ಲಲ್ಲಿ ಮಾತ್ರ. ಮುಖವನ್ನು ತೀಡಲು ಹೋಗಬೇಡಿ, ಒಂದು ಎಳೆತಕ್ಕೆ ಮೂಗು ಬದಲಾಗುತ್ತದೆ.

ಮೌಸ್‌ನಲ್ಲಿ ಇದು ಸುಲಭವಲ್ಲ ನಿಜ, ಆದರೂ ಆಗುತ್ತದೆ. ತಾಳ್ಮೆ ಇಲ್ಲದವರಿಗೆ ಆರ್ಟಿಸ್ಟಿಕ್ ಮೆನುವಿನಲ್ಲೇ ಜಿಂಪ್ರೆಷನಿಸ್ಟ್ ಇದೆ. ಅದರಲ್ಲಿ ಓರಿಯೆಂಟೇಶನ್ ಅನ್ನುವ ಟ್ಯಾಬ್‌ನಲ್ಲಿ ಎಳೆತದ ದಿಕ್ಕು ಹೇಳಬಹುದು. ಅದನ್ನು ಪ್ರತ್ಯೇಕ ಲೇಯರ್ ಮೇಲೆ ಹಾಕಿ ಒಪಾಸಿಟಿ (ಲೇಯರ್ ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವ ಅಳತೆ) 40ಕ್ಕೆ ಇಳಿಸಿ. ಇನ್ನೊಂದು, ಫ್ರಾನ್ಸಿನ ಸಂಶೋಧಕರು 2008ರಿಂದ ಬೆಳೆಸುತ್ತ ಬಂದ ಜಿಮಿಕ್ (G'MIC) ಎಂಬ ಉಚಿತ ಪ್ಲಗ್‌ಇನ್, ಅಂದರೆ ಜಿಂಪ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕು. ಅದರ ಆರ್ಟಿಸ್ಟಿಕ್ ಭಾಗದ 'ಬ್ರಷಿಫೈ' ಬಹಳ ನಿಧಾನ, ಆದರೆ ಬ್ರಷ್‌ನ ಗುರುತು ಚೆನ್ನಾಗಿ ಮೂಡಿಸುತ್ತದೆ.

ಬಣ್ಣ ದಪ್ಪಗೆ ಮೆತ್ತಿದಂತೆ ಉಬ್ಬು ಕಾಣಬೇಕಿದ್ದರೆ ಮತ್ತೊಮ್ಮೆ ನ್ಯೂ ಫ್ರಮ್ ವಿಸಿಬಲ್ ಕೊಟ್ಟು, ಕಲರ್ಸ್ ಮೆನುವಿನಲ್ಲಿ ಡೀಸ್ಯಾಚುರೇಟ್ ಮಾಡಿ ಬಣ್ಣ ತೆಗೆಯಿರಿ. ಆ ಲೇಯರಿಗೆ ಫಿಲ್ಟರ್ಸ್, ಡಿಸ್ಟಾರ್ಟ್ಸ್, ಎಂಬಾಸ್ ಹಾಕಿ. ಬೆಳಕಿನ ಕೋನವನ್ನು ಫೋಟೋದಲ್ಲಿ ಬಿಸಿಲು ಬಂದ ಕಡೆಗೇ ಹೊಂದಿಸಿ. ಲೇಯರ್ ಮೋಡ್ ಓವರ್‌ಲೇ, ಒಪಾಸಿಟಿ 20–25. ಗೊತ್ತಾಗಿಯೂ ಗೊತ್ತಾಗದಷ್ಟು ಇರಲಿ.

ಮಳೆಗಾಲದ ಫೋಟೋಗೆ ಜಲವರ್ಣ

ಜುಲೈನ ಕಾರವಾರಕ್ಕೆ ಎಣ್ಣೆಬಣ್ಣ ಹೊಂದುವುದಿಲ್ಲ. ಮಂಜು, ಮೋಡ, ಒದ್ದೆ ರಸ್ತೆ, ಇವಕ್ಕೆ ಜಲವರ್ಣವೇ ಸರಿ. ಲೇಯರ್ ನಕಲು ಮಾಡಿ ಫಿಲ್ಟರ್ಸ್, ಬ್ಲರ್‌ನಲ್ಲಿ ಮೀನ್ ಕರ್ವೇಚರ್ ಬ್ಲರ್ ಹಾಕಿ, ಇಟರೇಶನ್ 20–30. ಮೂಲದ ಇನ್ನೊಂದು ನಕಲಿಗೆ ಎಡ್ಜ್ ಡಿಟೆಕ್ಟ್ ಪಟ್ಟಿಯ ಡಿಫರೆನ್ಸ್ ಆಫ್ ಗಾಸಿಯನ್ಸ್ ಹಾಕಿ, ಡೀಸ್ಯಾಚುರೇಟ್ ಮಾಡಿ. ಗೆರೆ ಕಪ್ಪು, ಹಿನ್ನೆಲೆ ಬಿಳಿ ಬರುವಂತೆ ಬೇಕಿದ್ದರೆ ಇನ್ವರ್ಟ್ ಮಾಡಿ, ಲೆವೆಲ್ಸ್‌ನಲ್ಲಿ ತುಸು ಗಾಢ ಮಾಡಿ ಮಲ್ಟಿಪ್ಲೈ ಮೋಡಿನಲ್ಲಿ ಮೇಲಿಡಿ, ಒಪಾಸಿಟಿ 30. ಕೊನೆಗೆ ಎಲ್ಲಕ್ಕಿಂತ ಮೇಲೆ ಬಿಳಿ ಲೇಯರ್ ಒಂದನ್ನು ಇಟ್ಟು, ಅದಕ್ಕೆ ಕಪ್ಪು ಮಾಸ್ಕ್ ಹಾಕಿ, ನಾಲ್ಕೂ ಅಂಚಿನಲ್ಲಿ ಒರಟಾಗಿ ಬಿಳಿ ಬಳಿಯಿರಿ. ಬಣ್ಣ ತಾಗದೆ ಉಳಿದ ಕಾಗದದಂತೆ ಕಾಣುತ್ತದೆ.

ಕಾವಿ ಗೋಡೆಯ ಹಾಗೆ

ನಮ್ಮ ಕರಾವಳಿಗೆ ತನ್ನದೇ ಒಂದು ಚಿತ್ರಶೈಲಿ ಇದೆ, ಅಲ್ವಾ? ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕಾಣುವ ಕಾವಿ ಕಲೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕೆಂಪು ಪದರ ಹಾಕಿ, ಹಸಿಯಿರುವಾಗಲೇ ಚೂಪು ಉಪಕರಣದಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರಗೆ ತರುವ ಕೆಲಸ. ಎರಡೇ ಬಣ್ಣ. ಛಾಯೆ ಇಲ್ಲ, ನೆರಳಿಲ್ಲ. ತುಳಸಿಕಟ್ಟೆ, ದೀಪದ ಕಂಬ, ಯಕ್ಷಗಾನ ವೇಷದ ಪಕ್ಕನೋಟ, ಇಂಥ ಆಕಾರ ಗಟ್ಟಿ ಇರುವ ಫೋಟೋ ಇದಕ್ಕೆ ಬೇಕು.

ಹಿನ್ನೆಲೆ ಮೊದಲು ತೆಗೆದುಬಿಡಿ. ಫ್ರೀ ಸೆಲೆಕ್ಟ್ ಟೂಲಿನಿಂದ ವಸ್ತುವಿನ ಸುತ್ತ ಗೆರೆ ಹಾಕಿ, ಸೆಲೆಕ್ಟ್ ಮೆನುವಿನಲ್ಲಿ ಇನ್ವರ್ಟ್ ಮಾಡಿ, ಹೊರಗಿನದಕ್ಕೆ ಬಿಳಿ ತುಂಬಿ. ಆಯ್ಕೆಯನ್ನು ಬಿಟ್ಟು, ಡೀಸ್ಯಾಚುರೇಟ್ ಮಾಡಿ. ಮೀಡಿಯನ್ ಬ್ಲರ್ ರೇಡಿಯಸ್ 6 ಹಾಕಿ, ಇಲ್ಲದಿದ್ದರೆ ಮುಂದೆ ಎಲ್ಲೆಡೆ ಚುಕ್ಕೆ ಬರುತ್ತದೆ. ಕಲರ್ಸ್‌ನಲ್ಲಿ ಥ್ರೆಶ್‌ಹೋಲ್ಡ್ ತೆರೆದು, ಆಕಾರ ಗುರುತಾಗುವ ತನಕ ಪಟ್ಟಿಯನ್ನು ಎಳೆಯಿರಿ. ಈಗ ಬರೀ ಕಪ್ಪು ಬಿಳಿ ಇರುತ್ತದೆ.

ಫೋರ್‌ಗ್ರೌಂಡ್ ಬಣ್ಣದ ಮೇಲೆ ಕ್ಲಿಕ್ ಮಾಡಿ, 0–255ರ ಲೆಕ್ಕ ಆಯ್ದುಕೊಂಡು, ಕೆಂಪು 140, ಹಸಿರು 50, ನೀಲಿ 35 ಕೊಡಿ. ಬ್ಯಾಕ್‌ಗ್ರೌಂಡ್‌ಗೆ ಅಚ್ಚ ಬಿಳಿ ಬೇಡ, ಹಳೇ ಸುಣ್ಣದ ಬಣ್ಣಕ್ಕೆ 240, 232, 215. ಗ್ರೇಡಿಯಂಟ್ ಪಟ್ಟಿಯಲ್ಲಿ ಫೋರ್‌ಗ್ರೌಂಡ್‌ನಿಂದ ಬ್ಯಾಕ್‌ಗ್ರೌಂಡ್ ಆರಿಸಿ, ಕಲರ್ಸ್, ಮ್ಯಾಪ್, ಗ್ರೇಡಿಯಂಟ್ ಮ್ಯಾಪ್ ಕೊಡಿ. ಕಪ್ಪೆಲ್ಲ ಕಾವಿ, ಬಿಳಿಯೆಲ್ಲ ಸುಣ್ಣ. ಆಮೇಲೆ ಸಣ್ಣ ಪೆನ್ಸಿಲ್ ಟೂಲ್ ಹಿಡಿದು ಸುಣ್ಣದ ಬಣ್ಣದಲ್ಲಿ ಸೀರೆಯ ಅಂಚು, ದೀಪದ ಬಳೆ, ಕಟ್ಟೆಯ ಎಳೆಗಳನ್ನು ಕೈಯಿಂದ ಗೀರಿ. ಈ ಗೀರುವ ಕೆಲಸ ಬಿಟ್ಟರೆ ಅದು ಕಾವಿ ಅನ್ನಿಸುವುದಿಲ್ಲ, ಚುನಾವಣಾ ಪೋಸ್ಟರ್ ಅನ್ನಿಸುತ್ತದೆ.

ಫೋಟೋಶಾಪ್ ಇದ್ದವರಿಗೆ

ಫಿಲ್ಟರ್, ಸ್ಟೈಲೈಸ್, ಆಯಿಲ್ ಪೇಂಟ್. ಹಾಕುವ ಮುಂಚೆ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ ಆಮೇಲೆ ತಿದ್ದಬಹುದು. ಸ್ಟೈಲೈಸೇಶನ್ ಗುರುತನ್ನು ನಯ ಮಾಡುತ್ತದೆ, ಸ್ಕೇಲ್ ಬಣ್ಣದ ದಪ್ಪ ಹೇಳುತ್ತದೆ, ಶೈನ್ ಅನ್ನು ಕಡಿಮೆಯೇ ಇಡಿ, ಜಾಸ್ತಿ ಆದರೆ ಪ್ಲಾಸ್ಟಿಕ್ ಹೊಳಪು ಬರುತ್ತದೆ. ಮೂರು ಪದರ, ಕಪ್ಪು ಮಾಸ್ಕ್ ಎಲ್ಲಾ ಹಾಗೇ. ತೀಡಲು ಮಿಕ್ಸರ್ ಬ್ರಷ್ ಇದೆ, ಅದು ಜಿಂಪ್‌ನ ಸ್ಮಜ್‌ಗಿಂತ ಚೆನ್ನಾಗಿದೆ, ಒಪ್ಪಿಕೊಳ್ಳಬೇಕು.

ಪ್ರಿಂಟ್ ಹಾಕಿಸುವಾಗ

ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಕೊಟ್ಟು ಜೆಪೆಗ್ ಗುಣಮಟ್ಟ 95ರಲ್ಲಿ ತೆಗೆಯಿರಿ. ಸ್ಟುಡಿಯೋದವರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲವಾದರೆ ಅದು ಕುಗ್ಗಿ ಇಷ್ಟು ಹೊತ್ತಿನ ಕೆಲಸ ಹಾಳು.

ಸ್ಕ್ರೀನ್‌ಗೆ ಹಿಂದಿನಿಂದ ಬೆಳಕಿದೆ, ಪ್ರಿಂಟ್‌ಗೆ ಇಲ್ಲ. ಹಾಗಾಗಿ ಪ್ರಿಂಟ್ ಯಾವಾಗಲೂ ಒಂದು ಕೈ ಮಬ್ಬು. ಪ್ರಿಂಟ್‌ಗೆ ಕೊಡುವ ಪ್ರತಿಯನ್ನು ಕರ್ವ್ಸ್‌ನಲ್ಲಿ ಸ್ವಲ್ಪ ಬೆಳಕು ಮಾಡಿ, ಮೊದಲು 4×6 ಅಳತೆಯಲ್ಲಿ ಒಂದು ಸಾಮಾನ್ಯ ಪ್ರಿಂಟ್ ಹಾಕಿಸಿ ಹಗಲು ಬೆಳಕಿನಲ್ಲಿ ನೋಡಿ. ಕ್ಯಾನ್ವಾಸ್ ಬಟ್ಟೆಯ ಮೇಲೇ ಪ್ರಿಂಟ್ ಆಗುವುದಾದರೆ ಜಿಂಪ್‌ನ ಅಪ್ಲೈ ಕ್ಯಾನ್ವಾಸ್ ಫಿಲ್ಟರ್ ಹಾಕಬೇಡಿ, ಎರಡು ನೇಯ್ಗೆ ಒಂದರ ಮೇಲೊಂದು ಬಿದ್ದು ವಿಚಿತ್ರ ಕಾಣುತ್ತದೆ. ಅದು ಕಾಗದದ ಪ್ರಿಂಟ್‌ಗೆ ಮಾತ್ರ.

ಕಟ್ಟಿಗೆ ಫ್ರೇಮಿಗೆ ಬಟ್ಟೆ ಸುತ್ತಿ ಹೊಡೆಯುವ ಹಾಗಿದ್ದರೆ ನಾಲ್ಕೂ ಬದಿ ಎರಡು ಇಂಚು ಹೆಚ್ಚುವರಿ ಚಿತ್ರ ಬೇಕು. ಇಂಚಿಗೆ 200ರಂತೆ ಅದು 400 ಪಿಕ್ಸೆಲ್. ಕ್ರಾಪ್ ಮಾಡುವಾಗಲೇ ಆ ಜಾಗ ಬಿಟ್ಟುಕೊಳ್ಳಿ, ಇಲ್ಲದಿದ್ದರೆ ಬೋಟಿನ ಮೂತಿ ಫ್ರೇಮಿನ ಪಕ್ಕಕ್ಕೆ ಮಡಚಿ ಹೋಗುತ್ತದೆ. ಮಳೆಗಾಲದಲ್ಲಿ ಬೆವರುವ ಗೋಡೆಗೆ ತೂಗುಹಾಕಬೇಡಿ. ಬೇರೆ ಗೋಡೆಯೇ ಇಲ್ಲ ಅಂದರೆ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಿರಡೆಯ ಚೂರು ಅಂಟಿಸಿ, ಗಾಳಿ ಆಡಲು ಸ್ವಲ್ಪ ಸಂದು ಬಿಡಿ.